ಗರ್ಭಕೋಶದ ಗಡ್ಡೆ ಮತ್ತು ಊಟದ ಎಲೆ

ಗರ್ಭಕೋಶದಲ್ಲಿ ಗಡ್ಡೆಯಿದೆ ಎಂದು ವೈದ್ಯರು ಹೇಳಿದೊಡನೆ ಹೆಂಗಸಿನ ಮನಸ್ಸಿನಲ್ಲಿ ಮೊದಲು ಏಳುವುದು ಕ್ಯಾನ್ಸರಿನ ಭಯ. ಆ ಭಯ ಇಳಿದ ಮೇಲೆ ಬರುವ ಪ್ರಶ್ನೆ: “ಏನು ತಿನ್ನಬೇಕು, ಏನು ಬಿಡಬೇಕು?” ಪಥ್ಯವಿಲ್ಲದೆ ಮದ್ದಿಲ್ಲವೆಂದು ನಂಬಿ ಬಂದ ನಾಡಿನಲ್ಲಿ ಇದು ಸಹಜವೇ. ಆದರೆ ವೈದ್ಯಶಾಸ್ತ್ರ ಈ ಪ್ರಶ್ನೆಗೆ ಕಿವಿಗೊಟ್ಟುದು ತೀರ ಈಚೆಗೆ.

ಫೈಬ್ರಾಯ್ಡ್ ಎನಿಸುವ ಈ ಗಡ್ಡೆ ಗರ್ಭಕೋಶದ ಗೋಡೆಯಲ್ಲಿ ಹುಟ್ಟುವಂಥದು. ಕಾಳಿನಷ್ಟು ಚಿಕ್ಕದಿರಬಹುದು, ತೆಂಗಿನಕಾಯಿಯಷ್ಟು ದೊಡ್ಡದೂ ಆಗಬಹುದು. ಕ್ಯಾನ್ಸರಿನೊಡನೆ ಇದಕ್ಕೆ ಸಂಬಂಧ ಅತಿ ವಿರಳ. ಎಷ್ಟೋ ಮಂದಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಮತ್ತೆ ಕೆಲವರಿಗೆ ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ಹೊಟ್ಟೆಭಾರ, ನೋವು.

1793ರಲ್ಲಿ ಲಂಡನ್ನಿನ ಮ್ಯಾಥ್ಯೂ ಬೇಲಿ ಈ ಗಡ್ಡೆಯ ಸ್ವರೂಪವನ್ನು ವಿವರಿಸಿದರು. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಇದು ಸ್ನಾಯುವಿನಿಂದಲೇ ಬೆಳೆದುದೆಂದು ತೋರಿಸಿದರು. ಕಾರಣ ತಿಳಿಯುವ ಮೊದಲೇ ಕತ್ತಿ ಕೈಗೆ ಬಂದಿತ್ತು. 1853ರಲ್ಲಿ ಅಮೆರಿಕದ ಲೋವೆಲ್ ಪಟ್ಟಣದಲ್ಲಿ ವಾಲ್ಟರ್ ಬರ್ನ್‌ಹ್ಯಾಮ್, ಅನಂತರ ಗಿಲ್ಮನ್ ಕಿಂಬಾಲ್, ಹೊಟ್ಟೆಯನ್ನು ತೆರೆದು ಗಡ್ಡೆಯೊಡನೆ ಗರ್ಭಕೋಶವನ್ನೂ ತೆಗೆದರು; ರೋಗಿಗಳು ಬದುಕಿದರು. ಮುಂದೆ ಅದೇ ರೂಢಿಯಾಯಿತು. ಲಂಡನ್ನಿನ ವಿಕ್ಟರ್ ಬಾನಿ ಎಂಬ ಶಸ್ತ್ರವೈದ್ಯರ ಪತ್ನಿಯೇ ಹೀಗೆ ಗರ್ಭಕೋಶವನ್ನು ಕಳೆದುಕೊಂಡರು, ಅವರಿಗೆ ಮಕ್ಕಳಾಗಲಿಲ್ಲ. ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸುವ ವಿಧಾನಕ್ಕಾಗಿ ಬಾನಿ ಬಹುಕಾಲ ಶ್ರಮಿಸಿದರು.

ಅಡುಗೆಮನೆಯ ಕಡೆಗೆ ದೃಷ್ಟಿ ತಿರುಗಿದ್ದು ಹಾರ್ಮೋನಿನ ದಾರಿಯಾಗಿ. ಈಸ್ಟ್ರೋಜನ್ ಗುಂಪಿನ ಸ್ತ್ರೀ ಹಾರ್ಮೋನೊಂದನ್ನು ವಿಜ್ಞಾನಿಗಳು 1929ರಲ್ಲಿ ಬೇರ್ಪಡಿಸಿದರು. ಫೈಬ್ರಾಯ್ಡ್ ಬೆಳೆಯಲು ಈಸ್ಟ್ರೋಜನ್ ಪ್ರೇರಕ. ಮುಟ್ಟು ನಿಂತ ಮೇಲೆ ಗಡ್ಡೆ ಸಾಮಾನ್ಯವಾಗಿ ಕುಗ್ಗುವುದೂ ಇದರಿಂದಲೇ. ಹಾಗಾದರೆ ಊಟದಿಂದ ಈ ಹಾರ್ಮೋನಿನ ಮಟ್ಟ ಬದಲಾಗುತ್ತದೆಯೆ? 1982ರಲ್ಲಿ ಅಮೆರಿಕದ ಬ್ಯಾರಿ ಗೋಲ್ಡಿನ್ ಮತ್ತು ಸಂಗಡಿಗರು 10 ಮಂದಿ ಸಸ್ಯಾಹಾರಿ, 10 ಮಂದಿ ಮಾಂಸಾಹಾರಿ ಸ್ತ್ರೀಯರನ್ನು ಹೋಲಿಸಿದರು. ಸಸ್ಯಾಹಾರಿಗಳ ಮಲದಲ್ಲಿ ಹೆಚ್ಚು ಈಸ್ಟ್ರೋಜನ್ ಹೊರಹೋಗುತ್ತಿತ್ತು, ರಕ್ತದಲ್ಲಿ ಕಡಮೆಯಿತ್ತು. ನಾರುಳ್ಳ ಆಹಾರಕ್ಕೆ ಇದರಲ್ಲಿ ಪಾತ್ರವಿರಬಹುದೆಂಬ ಊಹೆ ಬಲವಾಯಿತು.

ಊಹೆಯನ್ನು ಗಡ್ಡೆಯೊಡನೆ ನೇರವಾಗಿ ತೂಗಿ ನೋಡಿದ್ದು ಇಟಲಿಯಲ್ಲಿ. ಮಿಲಾನ್ ನಗರದ ಸಂಶೋಧಕರು ಗಡ್ಡೆಯಿದ್ದ 843 ಸ್ತ್ರೀಯರನ್ನೂ, ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದ 1557 ಮಂದಿಯನ್ನೂ ಊಟದ ವಿಚಾರ ಕೇಳಿ, 1999ರಲ್ಲಿ ಫಲವನ್ನು ಪ್ರಕಟಿಸಿದರು. ದನದ ಮಾಂಸವನ್ನೂ, ಹದಗೊಳಿಸಿದ ಹಂದಿಮಾಂಸವನ್ನೂ ಹೆಚ್ಚಾಗಿ ತಿನ್ನುವವರಲ್ಲಿ ಗಡ್ಡೆ ಹೆಚ್ಚು; ಹಸಿರು ತರಕಾರಿ, ಹಣ್ಣು, ಮೀನು ತಿನ್ನುವವರಲ್ಲಿ ಕಡಮೆ ಎಂದು ಕಂಡಿತು. ಅಮೆರಿಕದ ಕಪ್ಪು ಜನಾಂಗದ 22 ಸಾವಿರಕ್ಕೂ ಮೇಲ್ಪಟ್ಟ ಸ್ತ್ರೀಯರನ್ನು ವರ್ಷಗಟ್ಟಲೆ ಗಮನಿಸಿ 2010 ಮತ್ತು 2011ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಹಾಲಿನ ಪದಾರ್ಥಗಳೂ ಹಣ್ಣುಗಳೂ, ಅದರಲ್ಲೂ ಕಿತ್ತಳೆ ಜಾತಿಯವು, ಅಪಾಯದ ಇಳಿಕೆಯೊಡನೆ ಕೂಡಿಬಂದವು. 2013ರಲ್ಲಿ ವಾಷಿಂಗ್ಟನ್ನಿನ 1036 ಸ್ತ್ರೀಯರ ಪರೀಕ್ಷೆಯಲ್ಲಿ, ರಕ್ತದಲ್ಲಿ ಡಿ ಜೀವಸತ್ತ್ವ ಸಾಕಷ್ಟಿದ್ದವರಿಗೆ ಗಡ್ಡೆಯಿರುವ ಸಂಭವ ಶೇಕಡಾ 32ರಷ್ಟು ಕಡಮೆಯೆಂದು ತೋರಿತು.

ಈ ಅಂಕೆಗಳನ್ನು ಓದುವಾಗ ಎಚ್ಚರ ಬೇಕು. ಸೊಪ್ಪು ಹೆಚ್ಚು ತಿನ್ನುವವಳು ನಡಿಗೆಯಲ್ಲಿ, ಮೈತೂಕದಲ್ಲಿ, ಅನುಕೂಲದಲ್ಲಿ ಬೇರೆಯವರಿಂದ ಭಿನ್ನಳಾಗಿರಬಹುದು. ಎರಡು ಸಂಗತಿಗಳು ಜೊತೆಗೂಡಿ ಕಂಡವೆಂದರೆ ಒಂದು ಇನ್ನೊಂದಕ್ಕೆ ಕಾರಣವೆಂದಾಗದು. ಹಸಿರು ಚಹದ ಸತ್ತ್ವದಿಂದ ಗಡ್ಡೆ ಕುಗ್ಗಿತೆಂದು 2013ರಲ್ಲಿ ಈಜಿಪ್ಟಿನ ಪ್ರಯೋಗವೊಂದು ತಿಳಿಸಿತು. ಆದರೆ ಅದನ್ನು ಪೂರೈಸಿದವರು 33 ಮಂದಿ ಮಾತ್ರ, ಸೇವಿಸಿದ್ದೂ ಮನೆಯಲ್ಲಿ ಕಾಯಿಸುವ ಚಹವಲ್ಲ, ಅಳತೆಯ ಔಷಧ. ಆದುದರಿಂದ ಪಥ್ಯದಿಂದ ಗಡ್ಡೆ ಕರಗುವುದೆಂದು ಹೇಳುವವರ ಮಾತಿಗೆ ಆಧಾರ ಸಾಲದು. ಅದನ್ನು ನಂಬಿ ಸ್ರಾವವನ್ನು ಸಹಿಸುತ್ತ ಕುಳಿತವಳು ಕಳೆದುಕೊಳ್ಳುವುದು ಕಾಲವನ್ನೂ ರಕ್ತವನ್ನೂ.

ಊಟದ ಉಪಕಾರ ನಿಶ್ಚಯವಾಗಿ ಕಾಣುವುದು ಈ ರಕ್ತದ ವಿಷಯದಲ್ಲಿಯೇ. ತಿಂಗಳು ತಿಂಗಳೂ ಅತಿಯಾಗಿ ಸ್ರಾವವಾದರೆ ಕಬ್ಬಿಣದ ಅಂಶ ಕರಗಿ ರಕ್ತಹೀನತೆ ಬರುತ್ತದೆ. ಮೆಟ್ಟಿಲೇರಿದರೆ ಏದುಸಿರು, ಮುಖ ಬಿಳಿಚಿಕೊಳ್ಳುವುದು. ಹುರುಳಿ, ಕಾಳುಗಳು, ಸೊಪ್ಪು, ತಿನ್ನುವವರಿಗೆ ಮಾಂಸ ಮೀನುಗಳು ಕಬ್ಬಿಣವನ್ನು ಒದಗಿಸುತ್ತವೆ. ಸಾರು ಪಲ್ಯಗಳಿಗೆ ಹಿಂಡಿದ ನಿಂಬೆರಸ ಅದು ಮೈಗೆ ಹತ್ತಲು ನೆರವಾಗುತ್ತದೆ. ಊಟದೊಡನೆ ಕುಡಿಯುವ ಕಾಫಿ, ಚಹ ಅಡ್ಡಿಯಾಗುತ್ತವೆ. ರಕ್ತಹೀನತೆ ಬಲಿತಿದ್ದರೆ ಊಟವೊಂದೇ ಸಾಲದು. ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯೂ ಬೇಕು.

ಇಂದು ಗಡ್ಡೆಯ ಗಾತ್ರ, ಅದಿರುವ ಜಾಗ, ಹೆಂಗಸಿನ ವಯಸ್ಸು, ಮಕ್ಕಳ ಬಯಕೆ ಇವನ್ನು ನೋಡಿ ಚಿಕಿತ್ಸೆ ಆರಿಸುತ್ತಾರೆ. ಔಷಧವುಂಟು, ಗಡ್ಡೆಯನ್ನು ಮಾತ್ರ ತೆಗೆಯುವ ಶಸ್ತ್ರಕ್ರಿಯೆಯುಂಟು, ಗಡ್ಡೆಗೆ ಹರಿಯುವ ರಕ್ತವನ್ನು ತಡೆಯುವ ವಿಧಾನವೂ ಉಂಟು. ಗರ್ಭಕೋಶವನ್ನೇ ತೆಗೆಯಬೇಕೆಂದು ಹೇಳಿದಾಗ, ತುರ್ತಿಲ್ಲದಿದ್ದರೆ, ಬೇರೆ ದಾರಿಯುಂಟೆ ಎಂದು ಕೇಳುವುದು ಹೆಂಗಸಿನ ಹಕ್ಕು. ಮನೆಯವರೂ ಒಂದು ಮಾತು ನೆನೆಯಬೇಕು: ಎಲ್ಲರಿಗೂ ಬಡಿಸಿ ಉಳಿದುದನ್ನು ತಾನುಣ್ಣುವ ತಾಯಿಗೆ ಯಾವ ಪಥ್ಯವನ್ನು ಹೇಳಿಯೂ ಫಲವಿಲ್ಲ. ಅವಳ ಎಲೆಗೂ ಸೊಪ್ಪು ಕಾಳು ಮೊದಲ ಸಾಲಿನಲ್ಲಿಯೇ ಬೀಳಲಿ.