ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ ಬಾಲಕಿಯರು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್‌ನಲ್ಲಿ 1939ರಲ್ಲಿ ಆರಂಭವಾದ ಲಿಟಲ್ ಲೀಗ್ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಬಹುಕಾಲ ಹುಡುಗರಿಗಷ್ಟೇ ಮೀಸಲಾಗಿತ್ತು. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್‌ನ ಕ್ಯಾಥರಿನ್ ಜಾನ್‌ಸ್ಟನ್ ಜಡೆ ಕತ್ತರಿಸಿ, ‘ಟಬ್ಬಿ’ ಎಂಬ ಹೆಸರಿನಲ್ಲಿ ಹುಡುಗನಂತೆ ತಂಡ ಸೇರಿದಳು. ನಿಜ ತಿಳಿದ ಮೇಲೂ ತರಬೇತುದಾರರು ಅವಳನ್ನು ಕೈಬಿಡಲಿಲ್ಲ. ಆದರೆ ಮರುವರ್ಷವೇ ಸಂಸ್ಥೆ ಬಾಲಕಿಯರನ್ನು ನಿಷೇಧಿಸಿತು.

1972ರಲ್ಲಿ ನ್ಯೂಜೆರ್ಸಿಯ ಹೊಬೊಕನ್‌ನಲ್ಲಿ ಮರಿಯಾ ಪೆಪೆ ಪಿಚರ್ ಆಗಿ ಮೂರು ಪಂದ್ಯ ಆಡಿದಳು. ಅವಳನ್ನು ಹೊರಗಿಡದಿದ್ದರೆ ಊರಿನ ಲೀಗ್‌ನ ಮಾನ್ಯತೆಯೇ ರದ್ದೆಂದು ಸಂಸ್ಥೆ ಎಚ್ಚರಿಸಿತು. ಮಹಿಳಾ ಸಂಘಟನೆಯೊಂದು ದೂರು ಕೊಟ್ಟಿತು. ಹುಡುಗಿಯರ ಮೂಳೆ ದುರ್ಬಲವೆಂಬ ವಾದವನ್ನು ಒಪ್ಪದ ವಿಚಾರಣಾಧಿಕಾರಿ ಸಿಲ್ವಿಯಾ ಪ್ರೆಸ್ಲರ್ 1973ರಲ್ಲಿ ಬಾಲಕಿಯರ ಪರ ತೀರ್ಪಿತ್ತರು. 1974ರಲ್ಲಿ ನಿಯಮ ಬದಲಾಯಿತು. ಅಷ್ಟರಲ್ಲಿ ಪೆಪೆ 12ರ ವಯೋಮಿತಿ ದಾಟಿದ್ದಳು. ಅವಳು ಗಳಿಸಿಕೊಟ್ಟ ಹಕ್ಕು ಅವಳಿಗೇ ದಕ್ಕದೆ ಹೋದದ್ದು ಈ ಚರಿತ್ರೆಯ ಅತಿ ನೋವಿನ ಸಂಗತಿ. ಬಾಲಕಿಯರಿಗೆ ಪ್ರತ್ಯೇಕ ಸಾಫ್ಟ್‌ಬಾಲ್ ವಿಭಾಗವೂ ಅದೇ ವರ್ಷ ಆರಂಭವಾಯಿತು.

1984ರಲ್ಲಿ ಬೆಲ್ಜಿಯಂ ತಂಡದ ವಿಕ್ಟೋರಿಯಾ ರೋಶ್ ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ಆಡಿದ ಮೊದಲ ಬಾಲಕಿ. 2014ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ 13 ವರ್ಷದ ಮೋನೆ ಡೇವಿಸ್, ಎದುರಾಳಿಗೆ ಒಂದು ರನ್ನೂ ಕೊಡದೆ 4–0ರಿಂದ ಆ ಸರಣಿಯ ಪಂದ್ಯ ಗೆಲ್ಲಿಸಿಕೊಟ್ಟಳು. ಆ ದಿನ ಅವಳು ತೊಟ್ಟ ಜೆರ್ಸಿ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ವಸ್ತುಸಂಗ್ರಹಾಲಯ ಸೇರಿತು.