ಗಡ್ಡೆಯ ಪಾಳಯ ಸೇರಿದ ಕಾವಲುಗಾರರು: ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಉಷ್ಣಾಘಾತ ಪ್ರೋಟೀನ್‌ಗಳು

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಜನರಲ್ಲಿ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 9 ಲಕ್ಷ ಜನ ಅದಕ್ಕೆ ಬಲಿಯಾದರು. ಒಳಪದರದ ಮೇಲೆ ಪುಟ್ಟ ಪಾಲಿಪ್ ಆಗಿ ಮೊಳೆಯುವ ಈ ಕಾಯಿಲೆ ಕರುಳಿನಲ್ಲೇ ಇರುವಾಗ ಕಣ್ಣಿಗೆ ಬಿದ್ದರೆ ಶಸ್ತ್ರಚಿಕಿತ್ಸೆಯಿಂದಲೇ ವಾಸಿಯಾಗುವುದುಂಟು. ಜೀವ ತೆಗೆಯುವುದು ಹೆಚ್ಚಾಗಿ ಅದರ ಹರಡುವಿಕೆ. ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ರಕ್ತನಾಳವೇ ಕ್ಯಾನ್ಸರ್ ಕೋಶಗಳಿಗೂ ಹೆದ್ದಾರಿ. ಹಾಗಾಗಿ ಯಕೃತ್ತೇ ಅವುಗಳ ಮೊದಲ ತಂಗುದಾಣ.

ಆದರೆ ಈ ಪ್ರಯಾಣ ಸುಲಭದ್ದಲ್ಲ. ನೆಲೆ ಬಿಟ್ಟ ಕೋಶಕ್ಕೆ ಆಮ್ಲಜನಕದ ಕೊರತೆ, ಆಹಾರದ ಕೊರತೆ, ರೋಗನಿರೋಧಕ ವ್ಯವಸ್ಥೆಯ ದಾಳಿ, ಮೇಲಿಂದ ಕಿಮೊಥೆರಪಿಯ ವಿಷ. ಒಳಗೆ ನೋಡಿದರೆ ರೂಪಾಂತರಗೊಂಡ ಜೀನ್‌ಗಳು ತಯಾರಿಸಿದ ಸೊಟ್ಟ ಪ್ರೋಟೀನ್‌ಗಳ ರಾಶಿ. ಸಾಯಬೇಕಾದ ಕೋಶ ಏಕೆ ಸಾಯುವುದಿಲ್ಲ? ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದರ ಮೂಲ ಹಣ್ಣಿನ ನೊಣದಲ್ಲಿದೆ.

ನೊಣದ ಲಾಲಾಗ್ರಂಥಿಯಿಂದ

1960ರ ದಶಕದ ಆರಂಭದಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಫೆರುಚ್ಚೊ ರಿಟೊಸ್ಸಾ ಡ್ರೊಸೊಫಿಲಾ ನೊಣದ ಲಾಲಾಗ್ರಂಥಿಗಳ ಕ್ರೋಮೊಸೋಮ್‌ಗಳನ್ನು ಅಧ್ಯಯನ ಮಾಡುತ್ತಿದ್ದರು. ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಏರಿಸಿಬಿಟ್ಟಿದ್ದರು. ಆ ಬಿಸಿಗೆ ಕ್ರೋಮೊಸೋಮ್‌ಗಳ ಕೆಲವು ನಿರ್ದಿಷ್ಟ ಜಾಗಗಳು ಉಬ್ಬಿಕೊಂಡಿದ್ದವು. ಉಬ್ಬಿದೆ ಎಂದರೆ ಅಲ್ಲಿನ ಜೀನ್ ಕೆಲಸಕ್ಕೆ ಇಳಿದಿದೆ ಎಂದರ್ಥ. ಹೆಸರಾಂತ ಪತ್ರಿಕೆಯೊಂದು ಇದರಲ್ಲಿ ಮಹತ್ವವೇನೂ ಇಲ್ಲವೆಂದು ಲೇಖನವನ್ನು ಹಿಂದಿರುಗಿಸಿತು; ಕೊನೆಗೆ 1962ರಲ್ಲಿ ‘ಎಕ್ಸ್‌ಪೀರಿಯೆನ್ಶಿಯಾ’ ಅದನ್ನು ಪ್ರಕಟಿಸಿತು. ಆ ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳನ್ನು ಆಲ್ಫ್ರೆಡ್ ಟಿಸ್ಸಿಯೆರ್ ಮತ್ತು ಸಂಗಡಿಗರು ಗುರುತಿಸಿದ್ದು 1974ರಲ್ಲಿ. ಅವಕ್ಕೆ ಉಷ್ಣಾಘಾತ ಪ್ರೋಟೀನ್‌ಗಳೆಂದು, ಚಿಕ್ಕದಾಗಿ ಎಚ್‌ಎಸ್‌ಪಿಗಳೆಂದು ಹೆಸರು ಬಂತು. ಹೆಸರಿನ ಮುಂದಿನ 27, 60, 70, 90, 110 ಎಂಬ ಅಂಕಿಗಳು ಅವುಗಳ ತೂಕವನ್ನು ಕಿಲೊಡಾಲ್ಟನ್‌ಗಳಲ್ಲಿ ಸೂಚಿಸುತ್ತವೆ.

ಇವುಗಳ ಕೆಲಸವೇನೆಂದು ತಿಳಿಯಲು ಇನ್ನೂ ಒಂದು ದಶಕ ಬೇಕಾಯಿತು. ಕೆಟ್ಟು ಮುದ್ದೆಯಾದ ಪ್ರೋಟೀನ್‌ಗಳನ್ನು ಬಿಡಿಸಿ ಸರಿಪಡಿಸುವುದು ಇವೇ ಇರಬೇಕೆಂದು 1986ರಲ್ಲಿ ಹ್ಯೂ ಪೆಲ್ಹಮ್ ಪ್ರತಿಪಾದಿಸಿದರು. 1989ರಲ್ಲಿ ಫ್ರಾಂಜ್-ಉಲ್ರಿಚ್ ಹಾರ್ಟ್ಲ್ ಮತ್ತು ಆರ್ಥರ್ ಹಾರ್ವಿಚ್ ಅವರ ತಂಡ ಮೈಟೊಕಾಂಡ್ರಿಯಾದೊಳಗೆ ಪ್ರೋಟೀನ್ ಮಡಿಕೆಗೊಳ್ಳಲು ಎಚ್‌ಎಸ್‌ಪಿ60 ಬೇಕೇಬೇಕೆಂದು ತೋರಿಸಿಕೊಟ್ಟಿತು. ಹೆರಿಗೆ ಮಾಡಿಸಿ ಮುಂದಿನ ಮನೆಗೆ ನಡೆಯುವ ಸೂಲಗಿತ್ತಿಯಂತೆ ಇವು ಪ್ರೋಟೀನನ್ನು ಸರಿಯಾದ ಆಕಾರಕ್ಕೆ ತಂದು ದೂರ ಸರಿಯುತ್ತವೆ, ಅಂತಿಮ ರಚನೆಯ ಭಾಗವಾಗುವುದಿಲ್ಲ. ವಿಜ್ಞಾನಿಗಳು ಇವನ್ನು ಶಾಪರೋನ್ ಎನ್ನುತ್ತಾರೆ.

ಕ್ಯಾನ್ಸರಿನ ನಂಟು

ಕ್ಯಾನ್ಸರಿನೊಡನೆ ಇವುಗಳ ಸಂಬಂಧ ಮೊದಲು ಕಂಡದ್ದು 1981ರಲ್ಲಿ. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ಸಿನ ‘ಸಾರ್ಕ್’ ಪ್ರೋಟೀನಿಗೆ ಎಚ್‌ಎಸ್‌ಪಿ90 ಅಂಟಿಕೊಂಡಿರುವುದು ಬೆಳಕಿಗೆ ಬಂತು. ಕ್ಯಾನ್ಸರಿಗೆ ಕಾರಣವಾಗುವ ಇನ್ನೂ ಹಲವು ಪ್ರೋಟೀನ್‌ಗಳು ಇದೇ ಆಸರೆಯಲ್ಲಿ ನಿಂತಿವೆ ಎಂಬುದು ನಂತರ ಒಂದೊಂದಾಗಿ ಗೊತ್ತಾಯಿತು.

ಎಚ್‌ಎಸ್‌ಪಿಗಳ ಜೀನ್‌ಗಳನ್ನು ಎಬ್ಬಿಸುವ ಯಜಮಾನ ಎಚ್‌ಎಸ್‌ಎಫ್1. ಇದರ ಜೀನನ್ನು ತೆಗೆದ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆಗಳು ಬಹಳ ಕಡಿಮೆ ಬೆಳೆಯುತ್ತವೆಂದು ಚೆಂಗ್‌ಕಾಯ್ ಡಾಯ್, ಸೂಸನ್ ಲಿಂಡ್‌ಕ್ವಿಸ್ಟ್ ಮೊದಲಾದವರು 2007ರಲ್ಲಿ ವರದಿ ಮಾಡಿದರು. ಎಚ್‌ಎಸ್‌ಎಫ್1 ಕ್ಯಾನ್ಸರನ್ನು ಹುಟ್ಟಿಸುವುದಿಲ್ಲ; ಹುಟ್ಟಿದ ಕ್ಯಾನ್ಸರಿಗೆ ಬದುಕಿ ಉಳಿಯಲು ಅದು ಬೇಕು. 2012ರಲ್ಲಿ ಇದೇ ಬಳಗದ ಇನ್ನೊಂದು ಅಧ್ಯಯನ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ತನ, ದೊಡ್ಡ ಕರುಳು ಮತ್ತು ಶ್ವಾಸಕೋಶದ ತೀವ್ರ ಕ್ಯಾನ್ಸರ್‌ಗಳಲ್ಲಿ ಎಚ್‌ಎಸ್‌ಎಫ್1 ನಡೆಸುವ ಜೀನ್‌ಗಳ ಪಟ್ಟಿ, ಬಿಸಿಯ ಸಮಯದ ಪಟ್ಟಿಗಿಂತ ಬೇರೆಯೇ ಆಗಿತ್ತು. ಅಂದರೆ ಇದು ಬರೀ ತುರ್ತು ಸ್ಪಂದನೆಯಲ್ಲ. ಗಡ್ಡೆ ಅದನ್ನು ತನ್ನ ದಿನನಿತ್ಯದ ಆಡಳಿತವನ್ನಾಗಿ ಮಾಡಿಕೊಂಡಿತ್ತು.

ಕರುಳಿನ ಗಡ್ಡೆಯಲ್ಲಿ ಕಂಡದ್ದು

ದೊಡ್ಡ ಕರುಳಿನ ಕ್ಯಾನ್ಸರಿನ ಮಟ್ಟಿಗೆ ಆರಂಭದ ಕೆಲಸ ಬಹಳಷ್ಟು ನಡೆದದ್ದು ಫ್ರಾನ್ಸಿನ ದಿಜೋನ್‌ನಲ್ಲಿ. ಅಲ್ಲಿ ಕಾರ್ಮೆನ್ ಗರಿಡೊ ಮತ್ತು ಸಹೋದ್ಯೋಗಿಗಳು ಇಲಿಗಳ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಎಚ್‌ಎಸ್‌ಪಿ27 ಸೇರಿಸಿದಾಗ, ದೇಹ ಅದುವರೆಗೆ ತಾನಾಗಿ ಹಿಮ್ಮೆಟ್ಟಿಸುತ್ತಿದ್ದ ಕೋಶಗಳು ಗಡ್ಡೆ ಕಟ್ಟತೊಡಗಿದವು. ಇದು 1998ರ ಮಾತು. 2000ದಲ್ಲಿ ಇದಕ್ಕೆ ಕಾರಣ ಹೇಳುವ ಸಂಶೋಧನೆಗಳು ಒಟ್ಟೊಟ್ಟಿಗೇ ಬಂದವು. ಕೋಶ ಸಾಯಲು ಅಣಿಯಾದಾಗ ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್-ಸಿ ಹೊರಬಿದ್ದು ಆತ್ಮನಾಶದ ಯಂತ್ರವನ್ನು ಕಟ್ಟಬೇಕು. ಎಚ್‌ಎಸ್‌ಪಿ27 ಆ ಸೈಟೊಕ್ರೋಮನ್ನು ಹಿಡಿದಿಡುತ್ತದೆ. ಎಚ್‌ಎಸ್‌ಪಿ70 ಅದೇ ಯಂತ್ರದ ಮತ್ತೊಂದು ಭಾಗವಾದ ಆಪಾಫ್-1ಕ್ಕೆ ಅಡ್ಡ ನಿಲ್ಲುತ್ತದೆ. ಕಿಮೊಥೆರಪಿಯ ಔಷಧಗಳಲ್ಲಿ ಹಲವು ಕೊಲ್ಲುವುದು ಈ ದಾರಿಯಲ್ಲೇ ಆದ್ದರಿಂದ, ಔಷಧ ನಾಟದಿರುವುದಕ್ಕೂ ಇಲ್ಲಿ ಒಂದು ವಿವರಣೆ ಸಿಕ್ಕಿತು.

ಅದೇ ಕಾಲದಲ್ಲಿ ಅನೇಕ ಆಸ್ಪತ್ರೆಗಳು ರೋಗಿಗಳ ಗಡ್ಡೆಯ ತುಣುಕುಗಳಲ್ಲಿ ಈ ಪ್ರೋಟೀನ್‌ಗಳ ಪ್ರಮಾಣವನ್ನು ಅಳೆಯತೊಡಗಿದವು. ಇಟಲಿಯ ಪಲೆರ್ಮೊ ತಂಡ ಎಚ್‌ಎಸ್‌ಪಿ60ರ ಏರಿಕೆಯನ್ನು ದುಗ್ಧಗ್ರಂಥಿಗಳಿಗೆ ಹರಡಿದ ಕ್ಯಾನ್ಸರ್‌ಗಳಲ್ಲಿ ಗುರುತಿಸಿತು. ಮೈಟೊಕಾಂಡ್ರಿಯಾದ ಎಚ್‌ಎಸ್‌ಪಿ70 ಆದ ಮಾರ್ಟಾಲಿನ್ ಹೆಚ್ಚಿದ್ದ ರೋಗಿಗಳು ಬದುಕಿದ ಅವಧಿ ಕಡಿಮೆ ಎಂದು 2005ರಲ್ಲಿ ವರದಿಯಾಯಿತು. ಆದರೆ 2010ರ ಒಂದು ಬ್ರಿಟಿಷ್ ಅಧ್ಯಯನ ಎಚ್ಚರಿಕೆಯ ಗಂಟೆ ಬಾರಿಸಿತು: ಎಚ್‌ಎಸ್‌ಪಿ27ರ ಏರಿಕೆ ಕೆಟ್ಟ ಮುನ್ಸೂಚನೆಯಾಗಿದ್ದದ್ದು ಗುದನಾಳದ ಕ್ಯಾನ್ಸರಿನಲ್ಲಿ ಮಾತ್ರ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಅಲ್ಲ. ಎಷ್ಟಿದೆ ಎಂಬ ಲೆಕ್ಕವೊಂದೇ ಸಾಲದು, ಎಲ್ಲಿ ಇದೆ ಮತ್ತು ಯಾರನ್ನು ಹೊತ್ತು ನಿಂತಿದೆ ಎಂಬುದನ್ನೂ ಕೇಳಬೇಕೆಂಬುದು ಇಲ್ಲಿಂದ ನಿಚ್ಚಳವಾಗತೊಡಗಿತು.

ಹರಡುವಿಕೆಯ ಮೆಟ್ಟಿಲುಗಳು

ಎಚ್‌ಎಸ್‌ಪಿಗಳು ಕೋಶದ ಒಳಗಿನವು ಎಂದೇ ಬಹುಕಾಲ ತಿಳಿಯಲಾಗಿತ್ತು. 2004ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡ, ಎಚ್‌ಎಸ್‌ಪಿ90-ಆಲ್ಫಾ ಕೋಶದ ಹೊರಗೂ ಇದ್ದು ಎಂಎಂಪಿ2 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆಂದು ತೋರಿಸಿತು. ಸುತ್ತಲಿನ ಅಂಗಾಂಶದ ಹೆಣಿಗೆಯನ್ನು ಕತ್ತರಿಸಿ ಕ್ಯಾನ್ಸರ್ ಕೋಶಕ್ಕೆ ದಾರಿ ಬಿಡಿಸುವ ಕಿಣ್ವವದು. ಈ ಪ್ರಯೋಗ ನಡೆದದ್ದು ಸಂಯೋಜಕ ಅಂಗಾಂಶದ ಕ್ಯಾನ್ಸರ್ ಕೋಶಗಳ ಮೇಲಾದರೂ, ಆಕ್ರಮಣದ ಅಧ್ಯಯನವನ್ನು ಅದು ಕೋಶದ ಹೊರಗೆ ತಂದಿತು.

ಕರುಳಿನ ಗಡ್ಡೆಯಲ್ಲೇ ನೇರ ಸಾಕ್ಷ್ಯ ಬಂದದ್ದು 2018ರಲ್ಲಿ. ಅರ್ಧಕ್ಕಿಂತ ಹೆಚ್ಚು ಕರುಳಿನ ಕ್ಯಾನ್ಸರ್‌ಗಳಲ್ಲಿ, ಕೋಶವನ್ನು ಕ್ಯಾನ್ಸರಿನಿಂದ ಕಾಯುವ ಪಿ53 ಜೀನ್ ಕೆಟ್ಟಿರುತ್ತದೆ. ಹೀಗೆ ಕೆಟ್ಟ ಪಿ53ರ ಕೆಲವು ರೂಪಗಳು ತಮ್ಮ ಕಾವಲು ಕೆಲಸ ಬಿಟ್ಟು ಗಡ್ಡೆಯ ಪರ ದುಡಿಯುತ್ತವೆ, ಮತ್ತು ಅವು ಕರಗದೆ ಉಳಿಯುವುದು ಎಚ್‌ಎಸ್‌ಪಿ90ರ ರಕ್ಷಣೆಯಲ್ಲಿ. ಉಟೆ ಮೋಲ್ ಮತ್ತು ರಮೋನಾ ಶುಲ್ಜ್-ಹೆಡರ್‌ಗಾಟ್ ಬಳಗ ಇಲಿಗಳಲ್ಲಿ ಈ ಪಿ53 ರೂಪವನ್ನು ತೆಗೆದಾಗ ಗಡ್ಡೆಯ ಬೆಳವಣಿಗೆಯೂ ಆಕ್ರಮಣವೂ ಕುಗ್ಗಿದವು. ಎಚ್‌ಎಸ್‌ಪಿ90ನ್ನು ತಡೆಯುವ ಔಷಧವೂ ಅದೇ ದಿಕ್ಕಿನಲ್ಲಿ ಕೆಲಸ ಮಾಡಿತು.

ಗಡ್ಡೆಯ ನೆರೆಹೊರೆಯೂ ಈ ಕತೆಯಲ್ಲಿ ಪಾತ್ರಧಾರಿ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ರುತ್ ಶೆರ್ಜ್-ಶೌವಲ್ ತಂಡ 2020ರಲ್ಲಿ ಉರಿಯೂತದಿಂದ ಹುಟ್ಟುವ ಕರುಳಿನ ಕ್ಯಾನ್ಸರಿನ ಇಲಿಗಳನ್ನು ಪರೀಕ್ಷಿಸಿತು. ಎಚ್‌ಎಸ್‌ಎಫ್1 ಇಲ್ಲದ ಇಲಿಗಳಲ್ಲಿ ಕೋಶಗಳ ನಡುವಿನ ಹೆಣಿಗೆ ಮರುಜೋಡಣೆಯಾಗಲಿಲ್ಲ, ಗಡ್ಡೆಗೂ ನೆಲೆ ಸಿಗಲಿಲ್ಲ.

ಒಂದು ತಪ್ಪಿನಿಂದ ಬಂದ ಸುಳಿವು

ಈ ಕ್ಷೇತ್ರದ ಅತ್ಯಂತ ಕುತೂಹಲದ ಅಧ್ಯಾಯ ಎಚ್‌ಎಸ್‌ಪಿ110ನದು. ಸುಮಾರು ಶೇಕಡಾ 15ರಷ್ಟು ಕರುಳಿನ ಕ್ಯಾನ್ಸರ್‌ಗಳಲ್ಲಿ ಡಿಎನ್‌ಎ ನಕಲು ಮಾಡುವಾಗಿನ ತಪ್ಪು ತಿದ್ದುವ ವ್ಯವಸ್ಥೆ ಕೈಕೊಟ್ಟಿರುತ್ತದೆ. ಆಗ ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಡಿಎನ್‌ಎ ಸಾಲುಗಳು ಕುಗ್ಗುತ್ತ, ಹಿಗ್ಗುತ್ತ ಹೋಗುತ್ತವೆ. ವೈದ್ಯರು ಇದನ್ನು ಎಂಎಸ್‌ಐ ಎನ್ನುತ್ತಾರೆ. ಎಚ್‌ಎಸ್‌ಪಿ110ರ ಜೀನಿನಲ್ಲಿ 17 ಥೈಮಿನ್‌ಗಳು ಸಾಲಾಗಿ ನಿಂತ ಅಂಥದೊಂದು ಜಾಗವಿದೆ. ಆ ಸಾಲು ಕುಗ್ಗಿದರೆ ಜೀನಿನ ಒಂದು ತುಂಡು ಬಿಟ್ಟುಹೋಗಿ ಮೊಟಕಾದ ಪ್ರೋಟೀನ್ ತಯಾರಾಗುತ್ತದೆ. ಅದು ತಾನೂ ಕೆಲಸ ಮಾಡುವುದಿಲ್ಲ, ಸರಿಯಿರುವ ಎಚ್‌ಎಸ್‌ಪಿ110ನ್ನೂ ಕೆಲಸ ಮಾಡಗೊಡುವುದಿಲ್ಲ.

ಪ್ಯಾರಿಸ್‌ನ ಅಲೆಕ್ಸ್ ಡುವಾಲ್ ಮತ್ತು ದಿಜೋನ್ ತಂಡ 2011ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಇದನ್ನು ವಿವರಿಸಿದರು. ಮೊಟಕು ಪ್ರೋಟೀನ್ ಇದ್ದ ಕೋಶಗಳು ಕಿಮೊಥೆರಪಿಗೆ ಬೇಗ ಸೋಲುತ್ತಿದ್ದವು. 2014ರಲ್ಲಿ ಮುಂದುವರಿದ ಅಧ್ಯಯನದಲ್ಲಿ ಎಂಎಸ್‌ಐ ರೋಗಿಗಳ ಪೈಕಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಈ ಸಾಲು ಗಣನೀಯವಾಗಿ ಕುಗ್ಗಿತ್ತು. 5-ಫ್ಲೋರೊಯುರಾಸಿಲ್ ಎಂಬ ಕಿಮೊಥೆರಪಿ ಔಷಧದ ಚಿಕಿತ್ಸೆಯಿಂದ ಹೆಚ್ಚು ಲಾಭ ಕಂಡವರು ಅವರೇ. ಪ್ರಯೋಗಾಲಯ ರೂಪಿಸಬೇಕಾಗಿದ್ದ ಪ್ರಯೋಗವನ್ನು ಕಾಯಿಲೆಯೇ ರೋಗಿಯ ದೇಹದಲ್ಲಿ ನಡೆಸಿಬಿಟ್ಟಿತ್ತು. ಶಾಪರೋನ್ ಕೈಬಿಟ್ಟರೆ ಗಡ್ಡೆ ಬಲಹೀನವಾಗುತ್ತದೆ ಎಂಬುದಕ್ಕೆ ಮನುಷ್ಯರಿಂದಲೇ ಸಿಕ್ಕ ಗಟ್ಟಿ ಪುರಾವೆ ಇದು.

ಚಿಕಿತ್ಸೆ: ಆಸೆ ಮತ್ತು ಅಡಚಣೆ

ಹಾಗಾದರೆ ಔಷಧದಿಂದ ಇವನ್ನು ತಡೆಯಬಾರದೇಕೆ? ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಜೆಲ್ಡಾನಮೈಸಿನ್ ಅಂಟಿಕೊಳ್ಳುವುದು ಎಚ್‌ಎಸ್‌ಪಿ90ಗೆ ಎಂದು 1994ರಲ್ಲಿ ಲೂಕ್ ವೈಟ್‌ಸೆಲ್ ಮತ್ತು ಲೆನ್ ನೆಕರ್ಸ್ ತೋರಿಸಿದರು. ಅದು ಯಕೃತ್ತಿಗೆ ವಿಷವಾದ್ದರಿಂದ ಅದರ ಸೌಮ್ಯ ರೂಪಗಳು ಪರೀಕ್ಷೆಗೆ ಬಂದವು.

ಕರುಳಿನ ಕ್ಯಾನ್ಸರಿನಲ್ಲಿ ಮಾತ್ರ ಫಲ ನಿರಾಸೆಯದು. ಹರಡಿದ ಕ್ಯಾನ್ಸರಿನ ರೋಗಿಗಳಿಗೆ ಎಚ್‌ಎಸ್‌ಪಿ90 ತಡೆಯುವ ಗ್ಯಾನೆಟೆಸ್ಪಿಬ್ ಒಂದನ್ನೇ ಕೊಟ್ಟ ಎರಡನೇ ಹಂತದ ಪರೀಕ್ಷೆಯ ವರದಿ 2014ರಲ್ಲಿ ಬಂದಾಗ, ಯಾರಲ್ಲೂ ಲೆಕ್ಕಕ್ಕೆ ಬರುವಷ್ಟು ಗಡ್ಡೆ ಕುಗ್ಗಿರಲಿಲ್ಲ. ಇದಕ್ಕೆ ಒಂದು ಕಾರಣ ಈ ಔಷಧಗಳ ಸ್ವಭಾವದಲ್ಲೇ ಇದೆ. ಸಾಮಾನ್ಯವಾಗಿ ಎಚ್‌ಎಸ್‌ಎಫ್1ನ್ನು ಹಿಡಿದಿಟ್ಟುಕೊಂಡಿರುವುದು ಎಚ್‌ಎಸ್‌ಪಿ90. ಔಷಧ ಅದನ್ನು ತಡೆದರೆ ಎಚ್‌ಎಸ್‌ಎಫ್1 ಬಿಡುಗಡೆಯಾಗಿ ಎಚ್‌ಎಸ್‌ಪಿ27 ಮತ್ತು 70ನ್ನು ಹೆಚ್ಚಿಸುತ್ತದೆ. ಒಬ್ಬ ಕಾವಲುಗಾರನನ್ನು ಕಟ್ಟಿಹಾಕಿದರೆ ಇಬ್ಬರು ಎದ್ದು ಬರುತ್ತಾರೆ. ಈ ವರ್ಗದ ಔಷಧಕ್ಕೆ ಮೊದಲ ಅನುಮತಿ ಸಿಕ್ಕದ್ದು 2022ರಲ್ಲಿ, ಜಪಾನಿನಲ್ಲಿ. ಅಲ್ಲಿ ಪಿಮಿಟೆಸ್ಪಿಬ್ ಜಠರ-ಕರುಳಿನ ಸ್ಟ್ರೋಮಲ್ ಗಡ್ಡೆಗೆ ಬಳಕೆಗೆ ಬಂತು. ಅದು ಒಳಪದರದ ಕ್ಯಾನ್ಸರಿಗಿಂತ ಬೇರೆ ಜಾತಿಯ ಕಾಯಿಲೆ.

ಎರಡನೇ ದಾರಿ ರೋಗನಿರೋಧಕ ಶಕ್ತಿಯದು. ಎಚ್‌ಎಸ್‌ಪಿಗಳು ಗಡ್ಡೆಯದೇ ಪ್ರೋಟೀನ್ ಚೂರುಗಳನ್ನು ಹೊತ್ತಿರುತ್ತವೆ. ಅವನ್ನೇ ಬೇರ್ಪಡಿಸಿ ರೋಗಿಗೆ ಲಸಿಕೆಯಾಗಿ ಕೊಡಬಹುದೆಂಬ ಯೋಚನೆ ಭಾರತೀಯ ಮೂಲದ ಪ್ರಮೋದ್ ಶ್ರೀವಾಸ್ತವ ಅವರದು. ಇಟಲಿಯ ಮಿಲಾನ್‌ನಲ್ಲಿ ಯಕೃತ್ತಿಗೆ ಹರಡಿದ ಗಡ್ಡೆಯನ್ನು ಕತ್ತರಿಸಿ ತೆಗೆದ ನಂತರ 29 ರೋಗಿಗಳಿಗೆ ಅವರವರ ಗಡ್ಡೆಯಿಂದಲೇ ತೆಗೆದ ಜಿಪಿ96 ಎಂಬ ಎಚ್‌ಎಸ್‌ಪಿಯನ್ನು ನೀಡಲಾಯಿತು. 2003ರ ವರದಿಯ ಪ್ರಕಾರ ಸುಮಾರು ಅರ್ಧದಷ್ಟು ಜನರಲ್ಲಿ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಸ್ಪಂದಿಸಿದವು. ಜರ್ಮನಿಯ ಗೇಬ್ರಿಯೆಲೆ ಮುಲ್ಟ್‌ಹಾಫ್ ಕ್ಯಾನ್ಸರ್ ಕೋಶಗಳ ಹೊರಮೈ ಮೇಲೂ ಎಚ್‌ಎಸ್‌ಪಿ70 ಇರುವುದನ್ನು ಗುರಿಯಾಗಿಸಿದರು. ಅದನ್ನು ಗುರುತಿಸುವಂತೆ ತಯಾರು ಮಾಡಿದ, ಅದೇ ವ್ಯವಸ್ಥೆಯ ಎನ್‌ಕೆ ಕೋಶಗಳನ್ನು 2004ರಲ್ಲಿ ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು, ಅದು ಸುರಕ್ಷಿತ ಎಂದು ತೋರಿಸಲಾಯಿತು. ಎರಡೂ ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ.

ಮುಂದಿನ ಪ್ರಶ್ನೆ

ಆರು ದಶಕಗಳಲ್ಲಿ ಈ ಕ್ಷೇತ್ರ ಕೇಳುವ ಪ್ರಶ್ನೆಯೇ ಬದಲಾಗಿದೆ. ಗಡ್ಡೆಯಲ್ಲಿ ಎಚ್‌ಎಸ್‌ಪಿ ಹೆಚ್ಚಿದೆಯೇ ಎಂಬುದು ಮೊದಲಿನದು. ಈ ರೋಗಿಯ ಗಡ್ಡೆ ಯಾವ ಎಚ್‌ಎಸ್‌ಪಿಯನ್ನು ನೆಚ್ಚಿಕೊಂಡಿದೆ ಎಂಬುದು ಈಗಿನದು. ಎಲ್ಲರಿಗೂ ಒಂದೇ ತಡೆ ಹಾಕಿದ ಪರೀಕ್ಷೆಗಳು ಸೋತದ್ದೂ, ಒಂದೇ ಬಗೆಯ ಗಡ್ಡೆಯ ರೋಗಿಗಳನ್ನು ಬಿಡಿಸಿ ನೋಡಿದ ಎಚ್‌ಎಸ್‌ಪಿ110 ಅಧ್ಯಯನ ಗೆದ್ದದ್ದೂ ಇದನ್ನೇ ಹೇಳುತ್ತವೆ. ಹಾಗಾಗಿ ಮುಂದಿನ ಪರೀಕ್ಷೆಗಳು ರೋಗಿಗಳನ್ನು ಆರಿಸುವಾಗಲೇ ಗಡ್ಡೆಯ ಪಿ53ರ ರೂಪ, ಎಂಎಸ್‌ಐ ಸ್ಥಿತಿ, ಎಚ್‌ಎಸ್‌ಪಿ110ರ ಸಾಲು ಇವನ್ನು ನೋಡಬೇಕು. ಎಚ್‌ಎಸ್‌ಪಿ90ಗೆ ತಡೆ ಹಾಕಿದರೆ ಅದರ ಬೆನ್ನಿಗೇ ಎಚ್‌ಎಸ್‌ಎಫ್1ಗೂ ಕಡಿವಾಣ ಹಾಕುವ ಜೋಡಿ ಔಷಧ ಹುಡುಕಬೇಕು. ಆರೋಗ್ಯವಂತ ಕೋಶಕ್ಕೂ ಈ ಪ್ರೋಟೀನ್‌ಗಳು ಬೇಕೇಬೇಕು. ಆದ್ದರಿಂದ ಅವನ್ನು ಪೂರ್ತಿ ಅಳಿಸುವುದಲ್ಲ, ಗಡ್ಡೆ ತನ್ನ ಬದುಕನ್ನೆಲ್ಲ ಅವುಗಳ ಮೇಲೆ ಹೇರಿರುವ ಜಾಗದಲ್ಲಿ ಮಾತ್ರ ಆಸರೆ ತಪ್ಪಿಸುವುದೇ ಗೆಲ್ಲಬಹುದಾದ ದಾರಿ.