ಹಳೇ ಸೀರೆ ಮನೆ ಬಿಟ್ಟಿದ್ದು ಯಾವಾಗ? ಲಂಗೋಟಿ ಬಟ್ಟೆಯ ಒಂದು ಕಥೆ

ಈ ವಾರದ ಸಂಚಿಕೆ ಶುರುವಾಗೋದು ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ. ಬೆಂಗಳೂರಿನ ಪೂರ್ವಕ್ಕೆ ಓಡಾಡೋರಿಗೆ ಈ ಜಾಗದ ಪರಿಚಯ ಮಾಡಿಸಬೇಕಾಗಿಲ್ಲ. ಹೊಸಕೋಟೆ, ಕೋಲಾರದ ಬಸ್ಸಿಗೆ ಕಾಯೋರು ಅರ್ಧ ರಸ್ತೆಗೇ ಇಳಿದಿರ್ತಾರೆ. ಕೆ.ಆರ್. ಪುರದ ತೂಗುಸೇತುವೆ ಕಣ್ಣೆದುರೇ ಇದ್ದರೂ ಅಲ್ಲಿಗೆ ಮುಟ್ಟೋದು ಯಾವಾಗ ಅಂತ ದೇವರಿಗೇ ಗೊತ್ತು. ಹಾಗೆ ನಿಂತಿದ್ದಾಗ ಒಬ್ಬ ಹುಡುಗ ಕಾರು ಒರೆಸೋ ಬಟ್ಟೆ ಮಾರ್ತಾ ಬಂದ. ಬಾಟಲಿಯಿಂದ ಸ್ವಲ್ಪ ನೀರು ಬಾನೆಟ್ ಮೇಲೆ ಸುರಿದು ಒಂದೇ ಸಲ ಒರೆಸಿ ತೋರಿಸಿದ. ಒಂದು ಹನಿ ಉಳಿಯಲಿಲ್ಲ. ಮೂರು ಬಟ್ಟೆಗೆ ನೂರು ರೂಪಾಯಿ. ತಗೊಂಡೆ.

ಕಾರಿಗಲ್ಲ, ಮಗಳಿಗೆ.

ಅವಳಿಗೆ ಆಗ ಐದು ತಿಂಗಳು. ಡಿಸ್ಪೋಸಬಲ್ ಡೈಪರ್ ಸಾಕು, ಬಟ್ಟೆಯದೇ ಮಾಡ್ಕೊಳ್ಳೋಣ ಅಂತ ನಾನೂ ಹೆಂಡತಿಯೂ ತೀರ್ಮಾನ ಮಾಡಿದ್ದೆವು. ಹೊರಗಿನ ಕವಚ ಅಂಗಡಿಯಿಂದ ತಂದಿದ್ದು. ಒಳಗೆ ಇಡೋ ಹೀರುವ ಪಟ್ಟಿ ಮಾತ್ರ ನಾನೇ ಹೊಲೀತೀನಿ ಅಂದೆ. ಮೈಕ್ರೋಫೈಬರ್ ಬಟ್ಟೆನ ಮೂರು ಪದರ ಮಾಡಿ, ಮೇಲೊಂದು ಹತ್ತಿ ಬಟ್ಟೆ ಇಟ್ಟು, ಸುತ್ತ ಹೊಲಿಗೆ ಹಾಕಿದೆ. ಎರಡು ವಾರ ಕಳೆದು ಹೊಸಕೋಟೆಗೆ ಒಂದು ಮದುವೆಗೆ ಹೊರಟೆವು. ಮಗು ಅಮ್ಮನ ತೊಡೆ ಮೇಲೆ. ಅದೇ ಟಿನ್ ಫ್ಯಾಕ್ಟರಿ, ಅದೇ ಟ್ರಾಫಿಕ್ಕು. ಅಮ್ಮನ ಸೀರೆ ಒದ್ದೆ.

ಅಮ್ಮ ಆ ಪಟ್ಟಿ ತೆಗೆದು ಹಿಂಡಿದರು. ನೀರೆಲ್ಲ ಸುರಿದುಹೋಯ್ತು. "ಇದು ನೀರು ಹೊರೋ ಬಟ್ಟೆ ಕಣೋ, ಕುಡಿಯೋ ಬಟ್ಟೆಯಲ್ಲ" ಅಂದರು.

ಜವಳಿ ಶಾಸ್ತ್ರದ ಪುಸ್ತಕ ಹೇಳೋದೂ ಅದನ್ನೇ. ಹತ್ತಿಯ ಎಳೆ ನೀರನ್ನ ತನ್ನ ಒಳಗೇ ತಗೊಳ್ಳುತ್ತೆ. ಸಾಧಾರಣ ಹವೆಯಲ್ಲಿ ಸುಮ್ಮನೆ ಬಿದ್ದಿದ್ದರೂ ತೂಕದ ಶೇಕಡಾ 7–8ರಷ್ಟು ತೇವ ಅದರಲ್ಲಿ ಇರುತ್ತೆ. ಪಾಲಿಯೆಸ್ಟರ್‌ನಲ್ಲಿ ಶೇಕಡಾ 0.4 ಮಾತ್ರ. ಮೈಕ್ರೋಫೈಬರ್ ಹೆಚ್ಚಿನಂಶ ಪಾಲಿಯೆಸ್ಟರೇ. ಎಳೆಗಳು ತೀರಾ ಸಣ್ಣವಾದ್ದರಿಂದ ಅವುಗಳ ಸಂದಿಯಲ್ಲಿ ಬೇಕಾದಷ್ಟು ನೀರು ನಿಲ್ಲುತ್ತೆ, ಒತ್ತಿದರೆ ಹೊರಟುಹೋಗುತ್ತೆ. ಕಾರಿನ ಬಾನೆಟ್ ಬಟ್ಟೆ ಮೇಲೆ ಕೂರಲ್ಲ. ಮಗು ಕೂರುತ್ತೆ.

ಸರಿ, ಹತ್ತಿ ಅಂದರೆ ಸಾಕಾ? ಸಾಕಾಗಲ್ಲ. ಹೊಸ ಟವಲ್ಲಿಂದ ಮೈ ಒರೆಸಿಕೊಂಡು ನೋಡಿ, ನೀರು ಮೈಮೇಲೇ ಜಾರುತ್ತೆ. ಗಿಡದಿಂದ ಬಿಡಿಸಿದ ಹತ್ತಿಗೆ ಮೇಣದ ತೆಳು ಲೇಪ ಇರುತ್ತೆ. ಕೋರಾ ಬಟ್ಟೆ ಮೇಲೆ ಹನಿ ಹಾಕಿದರೆ ಮುತ್ತಿನ ಹಾಗೆ ನಿಲ್ಲುತ್ತೆ. ಕ್ಷಾರದಲ್ಲಿ ಕುದಿಸಿ ಆ ಮೇಣ ತೆಗೆದ ಮೇಲೇ ಹತ್ತಿಗೆ ಬಾಯಾರಿಕೆ. ಆಸ್ಪತ್ರೆಗಳಿಗೆ ಇಂಥ ಹತ್ತಿ ಬಂದಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಬರ್ಮಿಂಗ್‌ಹ್ಯಾಮ್‌ನ ಸರ್ಜನ್ ಗಾಮ್ಜಿ 1880ರಲ್ಲಿ ಎರಡು ಗಾಜ್ ಬಟ್ಟೆಯ ನಡುವೆ ಹೀರುವ ಹತ್ತಿ ಇಟ್ಟು ಗಾಯಕ್ಕೆ ಕಟ್ಟೋ ಪಟ್ಟಿ ಮಾಡಿದ. ನಾನು ಹೊಲಿದ ಪಟ್ಟಿಯ ಅಜ್ಜ ಅದು ಅನ್ನಬಹುದು.

ಆದರೆ ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಅದಕ್ಕೂ ಎಷ್ಟೋ ಮೊದಲಿಂದ ನಡೀತಿತ್ತು, ಮಡಿವಾಳರ ಕೈಯಲ್ಲಿ. ಚೌಳು ಮಣ್ಣಿನ ನೀರಲ್ಲಿ ಬಟ್ಟೆ ಅದ್ದಿ, ಉಬ್ಬೆ ಹಾಕಿ, ಆವಿಯಲ್ಲಿ ಬೇಯಿಸಿ, ಬಂಡೆಗೆ ಬಡಿದು ಒಗೆಯೋದು. ಚೌಳಿನಲ್ಲಿರೋದೂ ಕ್ಷಾರವೇ. "ಅಜ್ಜಿಯ ಹಳೇ ಸೀರೆ ಎಷ್ಟು ಮೆತ್ತಗೆ" ಅಂತ ನಾವು ಹಾಡಿ ಹೊಗಳ್ತೀವಲ್ಲ, ಆ ಮೆತ್ತನೆ ವರ್ಷಗಟ್ಟಲೆ ಯಾರೋ ಬಡಿದು ಬಂದದ್ದು. ಬಾಣಂತಿಯ ಬಟ್ಟೆ ಒಗೆಯೋದೂ ಎಷ್ಟೋ ಕಡೆ ಮಡಿವಾಳರ ಮನೆ ಹೆಂಗಸರ ಪಾಲಿಗೆ. ಪ್ರತಿಫಲ ಅಂದರೆ ಸುಗ್ಗಿಯಲ್ಲಿ ಕಣದ ಹತ್ತಿರ ಕೊಡೋ ಕಾಳು. ಬಟ್ಟೆ ಡೈಪರ್ ಬಗ್ಗೆ "ನಮ್ಮ ಹಿರಿಯರು ಹೀಗೇ ಮಾಡ್ತಿದ್ರು" ಅಂತ ಹೇಳೋರು ಈ ಭಾಗ ಬಿಟ್ಟುಬಿಡ್ತಾರೆ. ನಾನೂ ಬಿಟ್ಟಿದ್ದೆ. ಅಮ್ಮ ಮೊದಲ ದಿನವೇ ಕೇಳಿದ್ದರು: "ಬಟ್ಟೆದು ಅಂತೀಯಲ್ಲ, ಒಗೆಯೋರು ಯಾರು?"

ಅಮ್ಮನ ಕಥೆಗೆ ಬರ್ತೀನಿ. ಅಪ್ಪ ಐಟಿಐನಲ್ಲಿದ್ದರು. 1948ರಲ್ಲಿ ಶುರುವಾದ ಟೆಲಿಫೋನ್ ಕಾರ್ಖಾನೆ, ಟಿನ್ ಫ್ಯಾಕ್ಟರಿಯಿಂದ ಸ್ವಲ್ಪ ಮುಂದೆ ದೂರವಾಣಿನಗರದಲ್ಲಿ. ನಮ್ಮದು ಅಲ್ಲಿನ ಕ್ವಾರ್ಟರ್ಸು. ಅಮ್ಮ ಶಾಲಾ ಟೀಚರ್. 1974ರಲ್ಲಿ ಅಕ್ಕ ಹುಟ್ಟಿದಾಗ ಊರಿಂದ ಅಜ್ಜಿ ಒಂದು ಗಂಟು ಹಳೇ ಸೀರೆ, ಪಂಚೆ ತಂದಿದ್ದರಂತೆ. ಹರಿದು, ತ್ರಿಕೋನ ಮಡಿಸಿ ಲಂಗೋಟಿ ಕಟ್ಟೋದು, ದಿನಕ್ಕೆ ಇಪ್ಪತ್ತು. 1984ರಲ್ಲಿ ನಾನು ಹುಟ್ಟಿದೆ. ಆಗ ಅಮ್ಮ ಬೀರು ತೆಗೆದರೆ ಹರಿಯೋಕೆ ಸೀರೆಯೇ ಇಲ್ಲ! ಎಲ್ಲ ನೈಲೆಕ್ಸು, ಪಾಲಿಯೆಸ್ಟರ್ರು. ಅಪ್ಪನ ಪಂಚೆ ಹೋಗಿ ಟೆರಿಕಾಟ್ ಪ್ಯಾಂಟು ಬಂದಿತ್ತು.

"ಯಾಕಮ್ಮ ಹಾಗೆ ಬದಲಾದ್ರಿ?" ಅಂತ ಕೇಳಿದೆ. ಅಮ್ಮ ನಕ್ಕರು. "ಬೆಳಿಗ್ಗೆ ಏಳೂವರೆ ಬಸ್ಸು ನನಗೆ. ಹತ್ತಿ ಸೀರೆಗೆ ಗಂಜಿ ಹಾಕಬೇಕು, ಇಸ್ತ್ರಿ ಮಾಡಬೇಕು. ನೈಲೆಕ್ಸ್ ರಾತ್ರಿ ಒಗೆದು ಹಾಕಿದ್ರೆ ಬೆಳಿಗ್ಗೆಗೆ ಗರಿಗರಿ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಬೇಗ ಒಣಗುತ್ತೆ ಅಂದರೆ ನೀರು ಕುಡಿಯಲ್ಲ ಅಂತಲೇ. ಕೆಲಸಕ್ಕೆ ಹೋಗೋ ಹೆಂಗಸಿಗೆ ಬಿಡುವು ಕೊಟ್ಟ ಅದೇ ಗುಣ ಲಂಗೋಟಿಗೆ ಕೆಲಸಕ್ಕೆ ಬಾರದು. 1985ರ ಜವಳಿ ನೀತಿ ಕೃತಕ ನೂಲಿಗೆ ಬಾಗಿಲನ್ನ ಇನ್ನಷ್ಟು ತೆರೆಯಿತು. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಅಂತ ಹೆಸರಾದ ಬೆಂಗಳೂರಿನ ಗಿರಣಿ ಈಗ ಬರೀ ನೆನಪು. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ ಮಾಲ್ ಎದ್ದಿದೆ. ಡಿಸ್ಪೋಸಬಲ್ ಡೈಪರ್ ಬಂದು ಹಳೇ ಸೀರೆಯನ್ನ ಓಡಿಸಿತು ಅಂತ ಸಾಮಾನ್ಯವಾಗಿ ಹೇಳ್ತಾರೆ. ನನಗನ್ನಿಸೋದು ಬೇರೆ. ಪಾಂಪರ್ಸ್ ಅಮೆರಿಕದಲ್ಲಿ 1961ರಲ್ಲೇ ಬಂದಿದ್ದರೂ ನಮ್ಮಂಥ ಮನೆಗಳಿಗೆ ಮುಟ್ಟಿದ್ದು ಬಹಳ ತಡವಾಗಿ. ಅದು ಬರೋ ಹೊತ್ತಿಗೆ ಸೀರೆ ತಾನಾಗೇ ಹೋಗಿತ್ತು. ಡೈಪರ್ ಕೂತಿದ್ದು ಖಾಲಿ ಜಾಗದಲ್ಲಿ.

ಆ ಡೈಪರ್ ಎಲ್ಲಿಗೆ ಹೋಗುತ್ತೆ ಅನ್ನೋದು ನಮ್ಮ ಹಳೇ ಮದ್ರಾಸ್ ರಸ್ತೆಯವರಿಗೆ ಚೆನ್ನಾಗಿ ಗೊತ್ತು. ಕೆ.ಆರ್. ಪುರ ದಾಟಿ ಹೋದರೆ ಮಂಡೂರು. ಬೆಂಗಳೂರಿನ ಕಸ ಅಲ್ಲಿ ಗುಡ್ಡವಾಗಿ, ಊರಿನವರು ರಸ್ತೆಗಿಳಿದು ಹೋರಾಡಿ, 2014ರ ಕೊನೆಗೆ ಕಸ ಸುರಿಯೋದು ನಿಂತಿತು. 2016ರ ಘನತ್ಯಾಜ್ಯ ನಿಯಮ ಡೈಪರನ್ನ ಬೇರೆ ಸುತ್ತಿ ಕೊಡಿ ಅಂದಿತ್ತು. ಪ್ಲಾಸ್ಟಿಕ್ಕೂ ಜೆಲ್ಲೂ ಸೇರಿರೋ ಆ ಪೊಟ್ಟಣ ಗೊಬ್ಬರವಾಗಲ್ಲ. ಅದನ್ನ ಬಿಚ್ಚಿ ಬೇರ್ಪಡಿಸೋದು ಪೌರಕಾರ್ಮಿಕರ ಕೈ. ಅಂದರೆ ಒಗೆಯೋ ಕೆಲಸ ಮಾಯವಾಗಲಿಲ್ಲ. ಕೈ ಬದಲಾಯಿತು, ಅಷ್ಟೇ.

ಈಗ ಅಂಗಡಿಯವರು "ಬ್ಯಾಂಬೂ ತಗೊಳ್ಳಿ ಸಾರ್" ಅಂತಾರೆ. ಬ್ಯಾಂಬೂ ಅಂತ ಮಾರೋ ಮೆತ್ತನೆ ಬಟ್ಟೆ ಬಹುಪಾಲು ವಿಸ್ಕೋಸ್. ತಿರುಳನ್ನ ರಾಸಾಯನಿಕದಲ್ಲಿ ಕರಗಿಸಿ ತೆಗೆದ ಎಳೆ. ಹತ್ತಿಗಿಂತ ಹೆಚ್ಚು ಹೀರುತ್ತೆ, ನಿಜ. ಒದ್ದೆಯಾದಾಗ ಬಲ ಕಳಕೊಳ್ಳುತ್ತೆ, ಅದೂ ನಿಜ. ಕನ್ನಡನಾಡಿಗೆ ಈ ತಿರುಳು ಹೊಸದಲ್ಲ. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಮಾಡ್ತಿದ್ದದ್ದು ರೇಯಾನ್ ತಿರುಳೇ. ಅದಕ್ಕೆ ಮರ ಬೆಳೆಸೋಕೆ 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಹುಟ್ಟಿ, ಹಳ್ಳಿಯ ಗೋಮಾಳಕ್ಕೆ ನೀಲಗಿರಿ ಬಂತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಆ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ಹಸಿರು ಎಲೆ ಚಿತ್ರದ ಪೊಟ್ಟಣ ನೋಡಿದಾಗೆಲ್ಲ ನನಗೆ ಕುಸನೂರು ನೆನಪಾಗುತ್ತೆ.

ಕೊನೆಗೆ ನಾನು ಏನು ಆರಿಸಿದೆ? ಮೊದಲು ಟರ್ಕಿ ಟವಲ್ಲು. 1850ರ ಸುಮಾರಿಗೆ ಹೆನ್ರಿ ಕ್ರಿಸ್ಟಿ ಅನ್ನೋ ಇಂಗ್ಲಿಷಿನವನು ತುರ್ಕಿಯಿಂದ ಕಂಡುಕೊಂಡು ಬಂದ ಕುಣಿಕೆ ನೇಯ್ಗೆ. ಎಳೆ ಹೆಚ್ಚು, ಹೀರೋದೂ ಹೆಚ್ಚು. ನಾಲ್ಕು ಪದರ ಸೇರಿಸಿ ಹೊಲಿದೆ. ಹೀರಿತು, ಸೋರಲಿಲ್ಲ. ಆದರೆ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಎರಡು ದಿನವಾದರೂ ಒಳಪದರ ಒಣಗದೆ ಮುಗ್ಗಲು ವಾಸನೆ. ಹಳೇ ಬನಿಯನ್ ಬಟ್ಟೆಯೂ ಚೆನ್ನಾಗಿ ಕುಡಿಯುತ್ತೆ. ಆದರೆ ಮನೇಲಿ ಎಷ್ಟು ಬನಿಯನ್ ಇರುತ್ತೆ ಹೇಳಿ.

ಅಮ್ಮನೇ ದಾರಿ ತೋರಿಸಿದರು. "ಹೊಲೀಬೇಡ, ಮಡಿಸು." ಶಿವಾಜಿನಗರದಿಂದ ಆರು ಪಾಣಿಪಂಚೆ ತಂದೆ. ಮಂಗಳೂರಿನವರು ಬೈರಾಸ ಅಂತಾರಲ್ಲ, ಆ ತೆಳ್ಳನೆ ಹತ್ತಿ ಟವಲ್ಲು. ಒಗೆಯೋ ಸೋಡಾ ಹಾಕಿ ಎರಡು ಸಲ ಕುದಿಸಿದೆವು, ಆಮೇಲೆ ನಾಲ್ಕೈದು ಸಲ ಬರೀ ಒಗೆತ. ಬಟ್ಟೆ ಮೆತ್ತಗಾಗೋಕೆ ಹಾಕೋ ಕಂಡೀಷನರ್ ಮುಟ್ಟಲಿಲ್ಲ, ಅದು ಎಳೆ ಮೇಲೆ ಮತ್ತೆ ಲೇಪ ಕೂರಿಸುತ್ತೆ. ಅಮ್ಮ ಒಂದು ಹನಿ ಹಾಕಿ ನೋಡಿದರು. ಬಿದ್ದ ತಕ್ಷಣ ಹರಡಿ ಮಾಯ. ಎಂಟು ಪದರ ಮಡಿಸಿ ಕವಚದೊಳಗೆ ಇಟ್ಟರೆ ದಪ್ಪ. ಬಿಡಿಸಿ ಹಗ್ಗಕ್ಕೆ ಹಾಕಿದರೆ ಒಂದೇ ಪದರ, ಮಳೆಗಾಲದಲ್ಲೂ ಫ್ಯಾನಿನಡಿ ರಾತ್ರಿಯೊಳಗೆ ಒಣಗುತ್ತೆ. ತ್ರಿಕೋನ ಲಂಗೋಟಿಯನ್ನ ಅಜ್ಜಿ ಯಾಕೆ ಹೊಲೀತಿರಲಿಲ್ಲ ಅನ್ನೋದು ನನಗೆ ಅರ್ಥವಾಗಿದ್ದು ಆಗ.

ಒಗೆಯೋರು ಯಾರು ಅನ್ನೋ ಪ್ರಶ್ನೆ ಮಾತ್ರ ಹಾಗೇ ಇತ್ತು. ಈಗ ಅದು ನನ್ನ ಕೆಲಸ, ರಾತ್ರಿ ಹತ್ತರ ಮೇಲೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಮೆಷಿನ್ನಿಗೆ. ನಾನು ಊರಲ್ಲಿಲ್ಲದ ದಿನ, ಜ್ವರ ಬಂದ ದಿನ, ಡಿಸ್ಪೋಸಬಲ್ಲೇ. ಕಳೆದ ವಾರ ಮತ್ತೆ ಹೊಸಕೋಟೆಗೆ ಹೋದೆವು. ಟಿನ್ ಫ್ಯಾಕ್ಟರಿಯಲ್ಲಿ ಇಪ್ಪತ್ತು ನಿಮಿಷ ನಿಂತೆವು. ಅಮ್ಮ ಉಟ್ಟಿದ್ದು ಪಾಲಿಯೆಸ್ಟರ್ ಸೀರೆ. "ಒದ್ದೆಯಾದ್ರೂ ಬೇಗ ಒಣಗುತ್ತೆ ಬಿಡು" ಅಂದರು. ಒದ್ದೆಯಾಗಲಿಲ್ಲ.